ಪಾರ್ಸೆಲ್ಲಿನ ಐರಿಸ್‌ಗೆ ನಲವತ್ತು ದಿನ

ದೀಪಾವಳಿ ಕಳೆದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಮನೆಗಳಿಗೆ ಹೂಗಿಡದ ಪಾರ್ಸೆಲ್ಲುಗಳು ಬರತೊಡಗುತ್ತವೆ. ಆಂಥೂರಿಯಂ, ಆರ್ಕಿಡ್, ಡೇಲಿಯಾಗಳ ಜೊತೆ ಒಮ್ಮೊಮ್ಮೆ ಐರಿಸ್ ಕೂಡ. ಫೋನಿನಲ್ಲಿ ಕಂಡ ನೀಲಿ ಹೂವಿಗೆ ಮನಸೋತು ದುಡ್ಡು ಕಳಿಸಿದವರ ಕೈಗೆ ವಾರದ ಮೇಲೆ ಸಿಗುವುದು ಶುಂಠಿಯಂಥ ಒಂದು ಗೆಡ್ಡೆ, ಅದರ ತುದಿಯಲ್ಲಿ ಬೀಸಣಿಗೆಯಂತೆ ಹರಡಿದ ನಾಲ್ಕಾರು ಎಲೆ. ಬಜೆ ಗಿಡ ನೋಡಿದವರಿಗೆ ಆ ಎಲೆಯ ರೂಪ ಗೊತ್ತು: ಕತ್ತಿಯಂತೆ ಚಪ್ಪಟೆ, ಒಂದರ ಬುಡವನ್ನು ಇನ್ನೊಂದು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಉಗುರು ಕೂಡ ಹೋಗದ ಆ ಸಂದಿ ಕೀಟಗಳಿಗೆ ಹೇಳಿ ಮಾಡಿಸಿದ ಮನೆ. ಪಾರ್ಸೆಲ್ ಕತ್ತಲಲ್ಲಿ ಎಷ್ಟು ದಿನ ಪಯಣಿಸಿದರೂ ಅಲ್ಲಿರುವ ಜೀವಕ್ಕೆ ತೊಂದರೆಯಿಲ್ಲ. ನೆರಳಿದೆ, ತೇವವಿದೆ, ಊಟವೂ ಪಕ್ಕದಲ್ಲೇ ಇದೆ. ಅದಕ್ಕೇ ಬಂದ ಐರಿಸನ್ನು ನೇರ ಪಾತಿಗೆ ಹಾಕದೆ, ತೊಳೆದು, ನಲವತ್ತು ದಿನ ಪ್ರತ್ಯೇಕವಾಗಿಟ್ಟು ನೋಡಬೇಕು.

ಗೆಡ್ಡೆಯ ಜೊತೆ ಪೀಡೆಯೂ ಬರುತ್ತದೆ ಎಂಬುದನ್ನು ಹಾಸನದವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಪ್ರತಿ ವರ್ಷ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರುವ ಬಿತ್ತನೆ ಆಲೂಗಡ್ಡೆಯನ್ನು ಕೊಯ್ದು ನೋಡಿ, ಮೂಸಿ ನೋಡಿ, ಔಷಧಿಯಲ್ಲಿ ಅದ್ದಿಯೇ ನೆಲಕ್ಕೆ ಹಾಕುವ ಊರು ಅದು. ಆಲೂಗಡ್ಡೆಯನ್ನು ಕೊರೆಯುವ ಗೆಡ್ಡೆ ಪತಂಗ ಭಾರತಕ್ಕೆ ಕಾಲಿಟ್ಟದ್ದೇ 1906ರಲ್ಲಿ, ಇಟಲಿಯಿಂದ ತರಿಸಿದ ಬಿತ್ತನೆ ಗೆಡ್ಡೆಯ ಒಳಗೆ ಕೂತು. ಪರಂಗಿಯನ್ನು ಹಾಳುಗೆಡವಿದ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಮೆಕ್ಕೆಜೋಳದ ಸೈನಿಕ ಹುಳು 2018ರಲ್ಲಿ ದೇಶದಲ್ಲೇ ಮೊದಲು ಕಂಡದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಆಲೂಗಡ್ಡೆಗೆ ತೋರಿಸುವ ಎಚ್ಚರವನ್ನು ಅದೇ ಜನ ಹೂವಿನ ಗೆಡ್ಡೆಗೆ ತೋರಿಸುವುದಿಲ್ಲ. ಅಂದಕ್ಕಾಗಿ ತಂದದ್ದಲ್ಲವೇ, ಅದರಿಂದ ಏನಾದೀತು ಎಂಬ ಭಾವನೆ.

ಆದರೆ ಮಲೆನಾಡಿನಲ್ಲಿ ಅದರಿಂದ ಆಗುವ ಕೇಡು ಇದೆ. ಇಲ್ಲಿ ಅಂಗಳಕ್ಕೂ ಕಾಫಿ ತೋಟಕ್ಕೂ ನಡುವೆ ಬೇಲಿ ಇದ್ದರೂ ಇರುವೆಗೆ ಬೇಲಿಯಿಲ್ಲ. ನಿಂಬೆಜಾತಿಯ ಗಿಡಗಳಿಗೆ ಬರುವ ಹಿಟ್ಟು ತಿಗಣೆ, ಅಂದರೆ ಪ್ಲಾನೊಕಾಕಸ್ ಸಿಟ್ರಿ, ಕಾಫಿಯನ್ನೂ ಕಾಳುಮೆಣಸಿನ ಬೇರನ್ನೂ ಹೀರುತ್ತದೆ; ನೂರಾರು ಬಗೆಯ ಅಲಂಕಾರದ ಗಿಡಗಳ ಮೇಲೂ ಬದುಕುತ್ತದೆ. ಐರಿಸ್ ಕುಂಡದಿಂದ ಇಳಿದ ತಿಗಣೆ ಮರಿಯನ್ನು ಇರುವೆಗಳು ಹೊತ್ತು ಮೆಣಸಿನ ಬಳ್ಳಿಯ ಬುಡಕ್ಕೆ ಸೇರಿಸಿದರೆ, ನಷ್ಟ ಪಕ್ಕದ ತೋಟದವರಿಗೂ ತಟ್ಟುತ್ತದೆ. ಬೆಂಗಳೂರಿನ ಹತ್ತನೇ ಮಹಡಿಯ ಬಾಲ್ಕನಿಯಲ್ಲಿ ನಡೆದುಹೋಗುವ ಉದಾಸೀನ ಬಾಳೆಹೊನ್ನೂರಿನ ಅಂಗಳದಲ್ಲಿ ನಡೆಯುವುದಿಲ್ಲ.

ತರಿಸುವ ಮುಂಚೆ ಯಾವ ಐರಿಸ್ ಎಂದು ತಿಳಿದಿರಬೇಕು. ಬಂದ ಮೇಲಿನ ಉಪಚಾರ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ದಪ್ಪ ಗೆಡ್ಡೆಯ, ಹೂವಿನ ಕೆಳದಳದಲ್ಲಿ ಗಡ್ಡದಂಥ ರೋಮವಿರುವ ಬಿಯರ್ಡೆಡ್ ಐರಿಸ್ ಒಣಗಿದ ಸ್ಥಿತಿಯಲ್ಲಿ ವಾರಗಟ್ಟಲೆ ತಾಳುತ್ತದೆ. ಆದರೆ ನಮ್ಮ ಚಳಿ ಅದಕ್ಕೆ ಸಾಲದೆ ಹೂ ಬಿಡಲು ಹಿಂಜರಿಯುತ್ತದೆ, ಆಷಾಢದ ಮಳೆಗೆ ಕೊಳೆಯುತ್ತದೆ. ಕಡೂರು, ಅರಸೀಕೆರೆಯ ಒಣ ಸೀಮೆಯಲ್ಲಿ ಪ್ರಯತ್ನಿಸಬಹುದು, ಕೊಟ್ಟಿಗೆಹಾರದಲ್ಲಿ ಬೇಡ. ಲೂಸಿಯಾನ ಐರಿಸ್ ನೀರು ಇಷ್ಟಪಡುವಂಥದ್ದು, ಮಲೆನಾಡಿಗೆ ಒಗ್ಗುತ್ತದೆ. ಡಚ್ ಐರಿಸ್ ಈರುಳ್ಳಿಯಂತೆ ಸಿಪ್ಪೆ ಸುತ್ತಿದ ಗೆಡ್ಡೆ. ನಮ್ಮ ಕಡೆ ಐರಿಸ್ ಎಂದೇ ಮಾರುವ ನಡೆಯುವ ಐರಿಸ್ ಮತ್ತು ಆಫ್ರಿಕನ್ ಐರಿಸ್ ಅದೇ ಕುಟುಂಬದ ಬೇರೆ ಕುಲದವು, ಗಟ್ಟಿಮುಟ್ಟು. ಹೊಸಬರು ಇವುಗಳಿಂದ ಶುರುಮಾಡುವುದೇ ಸರಿ. ಹಳದಿ ಹೂವಿನ ನೀರು ಐರಿಸ್, ಅಂದರೆ ಐರಿಸ್ ಸ್ಯೂಡಕೋರಸ್, ಉತ್ತರ ಅಮೆರಿಕದ ಜೌಗು ನೆಲಗಳಲ್ಲಿ ಕಳೆಯಾಗಿ ಹಬ್ಬಿದೆ. ಹಳ್ಳ, ತೊರೆ ಹತ್ತಿರವಿರುವವರು ಅದನ್ನು ತರಿಸದಿರುವುದು ಒಳ್ಳೆಯದು.

ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ: ಮಣ್ಣು ತೊಳೆದು ಬರಿ ಬೇರಿನಲ್ಲಿ ಕಳಿಸುತ್ತೀರಾ? ಮಣ್ಣುಹೆಂಟೆಯ ಸಮೇತ ಬಂದ ಗಿಡ ತಾಜಾ ಕಾಣುತ್ತದೆ ನಿಜ. ಆ ಹೆಂಟೆಯೊಳಗೆ ಬೇರಿನ ತಿಗಣೆ, ಗೊಣ್ಣೆ ಹುಳು, ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟದ ಕೋಶ, ದೈತ್ಯ ಆಫ್ರಿಕನ್ ಬಸವನಹುಳುವಿನ ಹಳದಿ ಛಾಯೆಯ ಮೊಟ್ಟೆ, ಯಾವುದೂ ಕಣ್ಣಿಗೆ ಬೀಳದೆ ಬರಬಹುದು. ಎರಡನೆಯದು, ಗೆಡ್ಡೆಯ ತಳಭಾಗದ ಫೋಟೊ. ಹೂವಿನ ಫೋಟೊ ಎಲ್ಲರೂ ಕಳಿಸುತ್ತಾರೆ. ತಳದ ಫೋಟೊ ಕೇಳಿದಾಗ ತಕ್ಷಣ ಕಳಿಸುವವರು ನಂಬಿಕಸ್ಥರು. ಮೂರನೆಯದು, ಯಾವಾಗ ಅಗೆದದ್ದು, ಎಲೆ ಕತ್ತರಿಸಿ ಕಳಿಸುವರೇ ಎಂಬುದು. ಎಲೆಯನ್ನು ಅರ್ಧಕ್ಕೆ ಕತ್ತರಿಸಿದರೆ ಗಿಡ ಒಣಗುವುದು ಕಡಿಮೆ, ಅಡಗುವ ಜಾಗವೂ ಕಡಿಮೆ. ಒಮ್ಮೆಗೇ ಹತ್ತು ಬಣ್ಣ ತರಿಸುವ ಆಸೆಯನ್ನು ತಡೆದು ಮೊದಲು ಒಂದೇ ಗೆಡ್ಡೆ ತರಿಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

ಕಾಲವೂ ಮುಖ್ಯ. ನವೆಂಬರಿನಿಂದ ಫೆಬ್ರವರಿಯವರೆಗೆ ತರಿಸಿದರೆ ಪೆಟ್ಟಿಗೆಯೊಳಗೆ ಬೇಯುವುದಿಲ್ಲ, ಕೊಳೆಯುವುದಿಲ್ಲ. ಏಪ್ರಿಲ್‌ನ ಬಿಸಿಗೆ ಕೊರಿಯರ್ ಗೋದಾಮಿನಲ್ಲಿ ಕೂತ ಪಾರ್ಸೆಲ್ಲಿನೊಳಗೆ ಕೀಟಗಳು ಗಿಡಕ್ಕಿಂತ ಚೆನ್ನಾಗಿ ಬೆಳೆದಿರುತ್ತವೆ. ಸೋಮವಾರವೋ ಮಂಗಳವಾರವೋ ರವಾನಿಸಲು ಹೇಳಬೇಕು, ಭಾನುವಾರದ ರಜೆಯಲ್ಲಿ ಅದು ದಾರಿಮಧ್ಯೆ ಕೂರಬಾರದು.

ಪಾರ್ಸೆಲ್ ಬಂದಾಗ ಅದನ್ನು ಜಗಲಿಯ ಮೇಲೆ, ಕುಂಡಗಳ ನಡುವೆ ಒಡೆಯಬಾರದು. ಬಿಸಿಲಿರುವ, ಗಾಳಿ ಕಡಿಮೆಯಿರುವ, ಗಿಡಗಳಿಂದ ದೂರದ ಜಾಗದಲ್ಲಿ ಹಳೆಯ ಬಿಳಿ ಪಂಚೆಯನ್ನೋ ಬಿಳಿ ಹಾಳೆಯನ್ನೋ ಹರಡಿ ಅದರ ಮೇಲೆ ಬಿಚ್ಚಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಒಂದಿರಲಿ, ಹಳೆಯ ಹಲ್ಲುಜ್ಜುವ ಬ್ರಶ್ಶಿರಲಿ, ಸಾಬೂನು ನೀರಿನ ಬಕೆಟ್ಟಿರಲಿ. ಬಿಚ್ಚುವಾಗ ನಿಲ್ಲಿಸದೆ ವಿಡಿಯೊ ತೆಗೆಯಬೇಕು. ಬದಲಿ ಕೊಡಲು ಮಾರುವವರು ಅದನ್ನೇ ಕೇಳುತ್ತಾರೆ. ಗೆಡ್ಡೆಯ ಅಡಿಭಾಗ, ಎಲೆಯ ಬುಡ ಎರಡೂ ಅದರಲ್ಲಿ ಕಾಣುವಂತಿರಲಿ.

ಪ್ಯಾಕಿಂಗಿನ ಹುಲ್ಲು, ಪಾಚಿ, ತೆಂಗಿನ ನಾರು, ಒದ್ದೆ ಪೇಪರು ತಿಪ್ಪೆಗೆ ಹೋಗಕೂಡದು. ತಿಪ್ಪೆ ಬೆಚ್ಚಗಿರುತ್ತದೆ, ತೇವವಾಗಿರುತ್ತದೆ, ಅಲ್ಲಿಂದ ಗೊಬ್ಬರ ಇಡೀ ತೋಟಕ್ಕೆ ಹೋಗುತ್ತದೆ. ಎಲ್ಲವನ್ನೂ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ ಎರಡು ವಾರ ಬಿಸಿಲಿಗೆ ಬಿಟ್ಟು, ಆಮೇಲೆ ಬಚ್ಚಲ ಒಲೆಗೆ ಹಾಕಿದರೆ ಆಯಿತು. ಚೀಲ ಮಾತ್ರ ಒಲೆಗೆ ಬೇಡ.

ಈಗ ಗಿಡವನ್ನು ತಲೆಕೆಳಗಾಗಿ ಹಿಡಿದು ಬಿಳಿ ಹಾಳೆಯ ಮೇಲೆ ನಾಲ್ಕೈದು ಸಲ ತಟ್ಟಬೇಕು. ಎಲೆಯ ಬುಡಕ್ಕೆ ಬಾಯಿಂದ ಬಿಸಿ ಉಸಿರು ಬಿಟ್ಟು ಒಂದು ನಿಮಿಷ ಕಾಯಬೇಕು. ಉಸಿರು ತಾಗಿದರೆ ಥ್ರಿಪ್ಸ್ ಸಂದಿಯಿಂದ ಹೊರಗೆ ಓಡುತ್ತವೆ. ಒಂದು, ಒಂದೂವರೆ ಮಿಲಿಮೀಟರಿನ, ದಾರದ ತುಣುಕಿನಂಥ ಕೀಟ. ದೊಡ್ಡವು ಕಪ್ಪು ಅಥವಾ ಕಂದು, ಮರಿಗಳು ತಿಳಿ ಹಳದಿ. ಹಾಳೆಯ ಮೇಲೆ ಬಿದ್ದದ್ದು ಧೂಳೋ ಕೀಟವೋ ಎಂದು ತಿಳಿಯದಿದ್ದರೆ ಅರ್ಧ ನಿಮಿಷ ಸುಮ್ಮನೆ ನೋಡಿ, ಧೂಳು ನಡೆಯುವುದಿಲ್ಲ. ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀರು, ಅದರೊಳಗೆ ಮೆಣಸಿನ ಪುಡಿ ಉದುರಿದಂಥ ಕಪ್ಪು ಚುಕ್ಕೆ ಕಂಡರೆ ಕೀಟ ಸಿಗದಿದ್ದರೂ ಅದು ಇದ್ದದ್ದು ಖಚಿತ.

ಥ್ರಿಪ್ಸ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಪಾರ್ಸೆಲ್ ಗಿಡಗಳನ್ನು ಔಷಧಿಯಲ್ಲಿ ಅದ್ದಿ, ಆಯಿತು ಎಂದುಕೊಂಡವರು ಮೋಸಹೋಗುವುದು ಇಲ್ಲೇ. ಹೆಣ್ಣು ಥ್ರಿಪ್ಸ್ ಮೊಟ್ಟೆಯನ್ನು ಎಲೆಯ ಮೇಲಿಡುವುದಿಲ್ಲ, ಎಲೆಯ ಮಾಂಸವನ್ನು ಸೀಳಿ ಒಳಗೆ ಇಡುತ್ತದೆ. ಮೇಲೆ ಹಾಕಿದ ಸಾಬೂನು, ಬೇವು ಅದನ್ನು ಮುಟ್ಟುವುದೇ ಇಲ್ಲ. ಮರಿಗಳು ಎರಡು ಹಂತ ಎಲೆ ತಿಂದು ಬೆಳೆದು, ಆಮೇಲೆ ಬಹುತೇಕ ಮಣ್ಣಿಗೆ ಇಳಿದು, ಏನೂ ತಿನ್ನದೆ ಕೋಶದಂಥ ಸ್ಥಿತಿಯಲ್ಲಿ ಕೂರುತ್ತವೆ. ಎಲೆಗೆ ಹೊಡೆದ ಔಷಧಿ ಅಲ್ಲಿಗೂ ತಲುಪುವುದಿಲ್ಲ. ಇಡೀ ಚಕ್ರ ನಮ್ಮ ಹವೆಯಲ್ಲಿ ಎರಡರಿಂದ ಮೂರು ವಾರ. ಒಂದು ದಿನದ ಉಪಚಾರಕ್ಕೆ ಆ ದಿನ ಎಲೆಯ ಮೇಲೆ ಓಡಾಡುತ್ತಿದ್ದವು ಮಾತ್ರ ಸಾಯುತ್ತವೆ. ಉಳಿದವನ್ನು ಹಿಡಿಯಲು ದಿನ ಬೇಕು, ಬೇರೆ ದಾರಿಯಿಲ್ಲ. ಸಂತೆಯಿಂದ ತಂದ ದನವನ್ನು ಅದೇ ಸಂಜೆ ಕೊಟ್ಟಿಗೆಯ ದನಗಳ ಜೊತೆ ಕಟ್ಟದ ಹಿರಿಯರ ಕ್ರಮದ ಹಿಂದಿರುವುದೂ ಇದೇ ತಿಳುವಳಿಕೆ: ಬೇನೆ ತೋರುವುದಕ್ಕೂ ಸಮಯ ಹಿಡಿಯುತ್ತದೆ.

ಹಿಟ್ಟು ತಿಗಣೆಯನ್ನು ಹುಡುಕಬೇಕಾದದ್ದು ಎಲೆಯ ಬುಡದಲ್ಲಿ ಮತ್ತು ಬೇರು ಗೆಡ್ಡೆಗೆ ಸೇರುವಲ್ಲಿ. ಹತ್ತಿಯಂಥ ಬಿಳಿ ಚೂರು ಕಂಡರೆ ಗುಂಡುಸೂಜಿಯಿಂದ ಒತ್ತಬೇಕು; ತಿಗಣೆಯಾದರೆ ಬಣ್ಣದ ರಸ ಬರುತ್ತದೆ, ಬೂಷ್ಟೋ ಕುಂಡದ ಮಣ್ಣಿಗೆ ಬೆರೆಸುವ ಬಿಳಿ ಪರ್ಲೈಟ್ ಕಾಳೋ ಆದರೆ ಬರುವುದಿಲ್ಲ. ಆ ಹತ್ತಿಯ ಚೀಲವೊಂದರಲ್ಲಿ ನೂರಾರು ಮೊಟ್ಟೆ ಇರುತ್ತದೆ, ಆದ್ದರಿಂದ ಒಂದೇ ತಾನೇ ಎಂದು ಬಿಡುವಂತಿಲ್ಲ. ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಹತ್ತಿ ಕಡ್ಡಿ ಅದ್ದಿ ಒಂದೊಂದನ್ನೂ ಮುಟ್ಟಿದರೆ ಮೇಣದ ಹೊದಿಕೆ ಕರಗಿ ಸಾಯುತ್ತದೆ.

ಉಳಿದವನ್ನು ಬೇಗ ಹೇಳಬಹುದು. ಡಚ್ ಐರಿಸ್ ಗೆಡ್ಡೆಯ ಒಣ ಸಿಪ್ಪೆಯಡಿ ಬೂದು ಪುಡಿ ಮೆತ್ತಿದ ಗಿಡಹೇನು ಕೂತಿರಬಹುದು, ಸಿಪ್ಪೆ ಸಡಿಲವಿದ್ದಲ್ಲಿ ಬಿಡಿಸಿ ನೋಡಬೇಕು. ಗಂಡಿಲ್ಲದೆಯೇ ಮರಿ ಹಾಕುವ ಜಾತಿ ಅದು, ಒಂದು ಉಳಿದರೂ ಸಾಕು. ಗಿಡಹೇನು ಮೊಸಾಯಿಕ್ ವೈರಸ್ಸನ್ನೂ ಹರಡುತ್ತದೆ. ಎಲೆಯಲ್ಲಿ ತಿಳಿ, ಕಡು ಹಸಿರಿನ ಉದ್ದ ಗೆರೆ ಮೂಡಿದ ಗಿಡಕ್ಕೆ ಮದ್ದಿಲ್ಲ, ಸುಡಬೇಕು. ಕೊಳೆತ ಭಾಗದಲ್ಲಿ ಮುತ್ತಿನಂತೆ ಹೊಳೆಯುವ, ಕೆಂಗಂದು ಕಾಲಿನ, ನಿಧಾನ ನಡೆಯುವ ಚುಕ್ಕೆಗಳಿದ್ದರೆ ಅವು ಗೆಡ್ಡೆ ನುಸಿ. ಎಂಟು ಕಾಲಿನ ಅವು ಕೀಟವಲ್ಲ, ಜೇಡದ ಬಳಗ, ಹಾಗಾಗಿ ಎಲ್ಲ ಕೀಟನಾಶಕಕ್ಕೂ ಬಗ್ಗುವುದಿಲ್ಲ. ಮೆತ್ತಗಾದ ಭಾಗವನ್ನು ಗಟ್ಟಿ ಬಿಳಿ ತಿರುಳು ಸಿಗುವವರೆಗೆ ಕೊಯ್ದು ತೆಗೆಯುವುದೇ ಸರಿಯಾದ ದಾರಿ. ಒಂದೊಂದು ಗೆಡ್ಡೆ ಕೊಯ್ದ ಮೇಲೂ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಗೆಡ್ಡೆಯಲ್ಲಿ ತೂತು, ತೂತಿನ ಬಾಯಲ್ಲಿ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ಇದ್ದರೆ ಒಳಗೆ ಹುಳು ಇದೆ ಅಥವಾ ಇತ್ತು. ಅದನ್ನು ಉಳಿಸಿಕೊಳ್ಳುವ ಪ್ರಯತ್ನ ಬೇಡ.

ಪರೀಕ್ಷೆ ಮುಗಿದ ಮೇಲೆ ತೊಳೆಯುವುದು. ಹೊರಗಿನ ಒಣಗಿದ, ಹರಿದ ಎಲೆಗಳನ್ನು ಬುಡಸಮೇತ ಕಿತ್ತು, ಉಳಿದವನ್ನು ಗೇಣಿಗಿಂತ ಚಿಕ್ಕದಾಗಿ, ಸುಮಾರು 15 ಸೆಂಟಿಮೀಟರಿಗೆ ಕತ್ತರಿಸಬೇಕು. ಹರಿಯುವ ನೀರಿನಡಿ ಬ್ರಶ್ಶಿನಿಂದ ಗೆಡ್ಡೆಯ ಪ್ರತಿ ಗಂಟನ್ನೂ ಉಜ್ಜಬೇಕು. ಕೀಟದ ದೊಡ್ಡ ಪಾಲು ಹೋಗುವುದು ಈ ಉಜ್ಜಿನಲ್ಲೇ, ಆಮೇಲಿನ ಔಷಧಿ ಬರಿಯ ಕೊಸರು. ತೊಳೆದ ನೀರು ಪಾತಿಗೆ ಹರಿಯದಂತೆ ಕಲ್ಲು ಚಪ್ಪಡಿಯ ಮೇಲೆ, ಬಿಸಿಲಿನಲ್ಲಿ ಚೆಲ್ಲಬೇಕು.

ಅದ್ದಲು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು ಅನುಕೂಲ: ಲೀಟರ್ ನೀರಿಗೆ 5 ಗ್ರಾಂ, ಮೊದಲು ಸ್ವಲ್ಪ ಬಿಸಿ ನೀರಿನಲ್ಲಿ ಕರಗಿಸಿ ಆಮೇಲೆ ತಣ್ಣೀರು ಬೆರೆಸುವುದು. ಅದು ಸಿಗದಿದ್ದರೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು 2 ಮಿಲಿ ದ್ರವ ಸೋಪು. ಹತ್ತು ಹದಿನೈದು ನಿಮಿಷ ಗಿಡವನ್ನು ಪೂರ್ತಿ ಮುಳುಗಿಸಿ, ನಡುವೆ ಎರಡು ಸಲ ಅಲುಗಿಸಬೇಕು. ಸಂದಿಯ ಗಾಳಿಗುಳ್ಳೆ ಹೋಗದಿದ್ದರೆ ದ್ರಾವಣ ಒಳಗೆ ಇಳಿಯುವುದಿಲ್ಲ. ಕಡೂರು, ಅರಸೀಕೆರೆ ಕಡೆಯ ಕೊಳವೆ ಬಾವಿಯ ಗಡಸು ನೀರಿನಲ್ಲಿ ಸೋಪು ಒಡೆದು ಮೇಲೆ ಕೆನೆಗಟ್ಟುತ್ತದೆ. ಅಲ್ಲಿ ಫಿಲ್ಟರ್ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಬೇಕು. ಗೆಡ್ಡೆ ಕೊಯ್ದಿದ್ದರೆ ಆಮೇಲೆ ಲೀಟರಿಗೆ 1 ಗ್ರಾಂ ಕಾರ್ಬೆಂಡಾಜಿಮ್ ಬೆರೆಸಿದ ನೀರಿನಲ್ಲಿ, ಕೈಗವಸು ಹಾಕಿಕೊಂಡು, ಇಪ್ಪತ್ತು ನಿಮಿಷ ಅದ್ದಬಹುದು. ಅದು ಶಿಲೀಂಧ್ರಕ್ಕೆ ಮಾತ್ರ, ಕೀಟಕ್ಕೂ ಆಗುತ್ತದೆ ಎಂದು ಭಾವಿಸಬಾರದು. ಗಿಡದೊಳಗೆ ಹರಿದು ಹೂವಿನವರೆಗೂ ಹೋಗುವ ಅಂತರ್ವ್ಯಾಪಿ ಕೀಟನಾಶಕವನ್ನು ಮುನ್ನೆಚ್ಚರಿಕೆಯ ಹೆಸರಿನಲ್ಲಿ ಸುರಿಯುವುದು ತಪ್ಪು. ನಮ್ಮದು ಜೇನಿನ ಸೀಮೆ. ಗ್ಲಾಡಿಯೋಲಸ್ ಗೆಡ್ಡೆಗೆ ಮಾಡುವ ಬಿಸಿನೀರಿನ ಉಪಚಾರವನ್ನು ಐರಿಸ್‌ಗೆ ಮನೆಯಲ್ಲಿ ಮಾಡಲು ಹೋಗಬೇಡಿ. ಕೆಲವೇ ಡಿಗ್ರಿ ಹೆಚ್ಚಾದರೂ ಗೆಡ್ಡೆ ಬೇಯುತ್ತದೆ.

ಇಲ್ಲಿಂದ ಮುಂದೆ ಜಾತಿ ನೋಡಿ ನಡೆಯಬೇಕು. ಬಿಯರ್ಡೆಡ್ ಗೆಡ್ಡೆಯನ್ನು ನೆರಳಿನಲ್ಲಿ ಗಾಳಿಯಾಡುವಂತೆ ಒಂದೆರಡು ದಿನ ಒಣಗಿಸಿ, ಗಾಯ ಮಾಯ್ದ ಮೇಲೆ ನೆಡಬೇಕು. ಲೂಸಿಯಾನವನ್ನು ಹಾಗೆ ಒಣಗಿಸಿದರೆ ಅದು ಕೆಟ್ಟಿತು. ಒಂದು ರಾತ್ರಿ ನೀರಿನಲ್ಲಿಟ್ಟು ಮರುದಿನವೇ ಕುಂಡಕ್ಕೆ ಇಳಿಸಬೇಕು. ಇವೆರಡನ್ನು ಅದಲು ಬದಲು ಮಾಡಿ ಗಿಡ ಕಳೆದುಕೊಂಡು, ಔಷಧಿ ಜಾಸ್ತಿಯಾಯಿತು ಎಂದು ದೂರುವವರಿದ್ದಾರೆ.

ಪ್ರತ್ಯೇಕವಾಗಿಡುವ 40 ದಿನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ತಳದಲ್ಲಿ ಏಳೆಂಟು ತೂತು, ಹೊರಗೆ ಕಪ್ಪು ಚೀಲದ ಹೊದಿಕೆ. ವಾರಕ್ಕೊಮ್ಮೆ ಹೊದಿಕೆ ಸರಿಸಿದರೆ ಗಿಡ ಕೀಳದೆಯೇ ಬೇರು ಕಾಣುತ್ತದೆ. ತುಂಬುವುದಕ್ಕೆ ದಪ್ಪ ಮರಳು ಎರಡು ಪಾಲು, ತೊಳೆದ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಒಂದು ಪಾಲು. ಲೂಸಿಯಾನಕ್ಕೆ ಎರಡೂ ಸಮಪಾಲು. ತೋಟದ ಮಣ್ಣು ಬೇಡ, ಅದರಲ್ಲೇ ಬೇರಿನ ತಿಗಣೆ ಇದ್ದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಪರ್ಲೈಟ್ ಕೂಡ ಬೇಡ, ಬಿಳಿಯ ನಡುವೆ ಬಿಳಿ ಹುಡುಕಬೇಕಾಗುತ್ತದೆ.

ಡಬ್ಬಿಗಳನ್ನು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಬೇಕು. ಹಾಲು ಮೊಸರಿನ ಕಪಾಟಿಗೆ ಇರುವೆ ಹತ್ತದಂತೆ ನಮ್ಮ ಅಡುಗೆಮನೆಗಳಲ್ಲಿ ಮಾಡುತ್ತಿದ್ದ ಉಪಾಯವೇ ಇದು. ನೀರಿಗೆ ಎರಡು ಹನಿ ಸೋಪು ಹಾಕಿದರೆ ಇರುವೆ ತೇಲಿ ದಾಟುವುದಿಲ್ಲ, ಸೊಳ್ಳೆಯೂ ಮೊಟ್ಟೆಯಿಡುವುದಿಲ್ಲ. ಸ್ಟೂಲು ಗೋಡೆಗೆ ತಾಗದಿರಲಿ, ಎಲೆ ಬೇರೆ ಗಿಡಕ್ಕೆ ತಾಗದಿರಲಿ. ಇಷ್ಟಾದ ಮೇಲೂ ಇರುವೆ ಸಾಲು ಕಂಡರೆ ಅದು ಸುಳಿವು: ಹಿಟ್ಟು ತಿಗಣೆಯೋ ಗಿಡಹೇನೋ ಸಿಹಿ ಅಂಟು ಸುರಿಸುತ್ತಿದೆ. ಒಂದು ನೀಲಿ, ಒಂದು ಹಳದಿ ಅಂಟುಹಾಳೆ ಎಲೆಯ ಮಟ್ಟದಲ್ಲಿ ನಿಲ್ಲಿಸಿ. ನೀಲಿಗೆ ಥ್ರಿಪ್ಸ್ ಹೆಚ್ಚು ಬರುತ್ತದೆ, ಹಳದಿಗೆ ಉಳಿದ ಹಾರುವ ಕೀಟಗಳು. ಗ್ರೀಸ್ ಸವರಿದ ಬಣ್ಣದ ರಟ್ಟೂ ಆದೀತು. ಕೊಕೊಪೀಟ್ ಸದಾ ಒದ್ದೆಯಿದ್ದರೆ ಪುಟ್ಟ ಕಪ್ಪು ನೊಣಗಳು ಏಳುತ್ತವೆ. ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮೇಲ್ಮೈಗೆ ಒತ್ತಿ ಎರಡು ಮೂರು ದಿನ ಬಿಟ್ಟು ತಿರುಗಿಸಿದರೆ ಅವುಗಳ ಬಿಳಿ ಮರಿಹುಳು ಅಡಿಯಲ್ಲಿ ಸೇರಿರುತ್ತವೆ.

ಬೇವಿನ ಸೋಪನ್ನು 7, 14, 21ನೇ ದಿನ ಮತ್ತೆ ಸಿಂಪಡಿಸಬೇಕು, ಸಂಜೆ ಹೊತ್ತಿನಲ್ಲಿ, ಎಲೆಯ ಬುಡದ ಸಂದಿಗೆ ದ್ರಾವಣ ಇಳಿಯುವಂತೆ. ಈ ಅಂತರಕ್ಕೆ ಕಾರಣ ಥ್ರಿಪ್ಸ್‌ನ ಚಕ್ರವೇ: ಮೊಟ್ಟೆಯೊಡೆದ ಮರಿ ಮಣ್ಣಿಗಿಳಿಯುವ ಮುಂಚೆ ಒಮ್ಮೆಯಾದರೂ ಸಿಗಬೇಕು. ಎರಡನೇ ವಾರ ಎಲ್ಲ ಶುಭ್ರವಾಗಿ ಕಂಡಾಗ ಗಿಡವನ್ನು ಪಾತಿಗೆ ಸೇರಿಸುವ ಆತುರ ಹುಟ್ಟುತ್ತದೆ. ಮಣ್ಣಿನ ಕೋಶಗಳು ಹೊರಬರುವುದು ಅದರ ಮರುವಾರ. ಹಿಟ್ಟು ತಿಗಣೆಯ ಒಂದು ಪೀಳಿಗೆಗೆ ತಿಂಗಳೂ ಮೀರಿ ಹಿಡಿಯುತ್ತದೆ. 40 ಎಂಬ ಲೆಕ್ಕ ಬಂದದ್ದು ಅದರಿಂದ. ನಡುವೆ ಒಂದೇ ಒಂದು ಜೀವಂತ ಕೀಟ ಕಂಡರೂ ಆ ದಿನದಿಂದ ಹೊಸದಾಗಿ ಎಣಿಸಬೇಕು. ಅಷ್ಟರಲ್ಲಿ ಇನ್ನೊಂದು ಪಾರ್ಸೆಲ್ ಬಂದರೆ ಅದಕ್ಕೆ ಬೇರೆಯದೇ ಸ್ಟೂಲು.

ಇನ್ನೊಂದು ದಾರಿಯ ಬಗ್ಗೆ ಹೇಳಲೇಬೇಕು, ಅದು ಸೂಟ್‌ಕೇಸು. ಅಮೆರಿಕದಿಂದ ಬರುವ ಮಕ್ಕಳಿಗೆ ಎರಡು ಗೆಡ್ಡೆ ಬಟ್ಟೆಯಲ್ಲಿ ಸುತ್ತಿ ತನ್ನಿ ಎನ್ನುವುದು ಪ್ರೀತಿಯ ಮಾತೇ ಇರಬಹುದು. ಆದರೆ ರಾಕಿ ಪರ್ವತಗಳ ಪೂರ್ವಕ್ಕೆ ಐರಿಸ್ ಬೆಳೆಯುವವರನ್ನು ಅತಿ ಹೆಚ್ಚು ಕಾಡುವ ಮ್ಯಾಕ್ರೊನಾಕ್ಟುವಾ ಒನುಸ್ಟಾ ಎಂಬ ಕೊರಕ ಅಡಗುವುದು ಆ ಗೆಡ್ಡೆಯಲ್ಲೇ. ಅದರ ಮೊಟ್ಟೆ ಒಣ ಎಲೆಗಳಿಗೆ ಅಂಟಿ ಚಳಿಗಾಲ ಕಳೆಯುತ್ತದೆ. ವಸಂತದಲ್ಲಿ ಮರಿ ಎಲೆಯೊಳಗೆ ಸುರಂಗ ಕೊರೆಯುತ್ತ ಕೆಳಗಿಳಿದು ಬೇಸಿಗೆಯಲ್ಲಿ ಗೆಡ್ಡೆ ಸೇರುತ್ತದೆ, ಅಲ್ಲಿ ತಿಂದು ಒಂದೂವರೆ, ಎರಡು ಅಂಗುಲದ ನಸುಗೆಂಪು ಹುಳುವಾಗುತ್ತದೆ. ಅದು ಕೊರೆದ ದಾರಿಯಲ್ಲೇ ಮೆತುಕೊಳೆ ರೋಗದ ಬ್ಯಾಕ್ಟೀರಿಯಾ ನುಗ್ಗಿ ಗೆಡ್ಡೆ ದುರ್ನಾತದ ಗಂಜಿಯಾಗುತ್ತದೆ. ಅದು ಅಲ್ಲಿಯ ಹುಳು, ಅಲ್ಲೇ ಇರಲಿ. 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆಯಡಿ ಹೊರಟ 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಹೊರದೇಶದ ಗೆಡ್ಡೆಗೆ ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಬಂದರು, ವಿಮಾನ ನಿಲ್ದಾಣದಲ್ಲಿ ತಪಾಸಣೆ ಇರುವುದು ಇಂಥ ಒಂದು ಹುಳುವಿಗಾಗಿಯೇ. ಕಾಫಿಯ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಂಡ ಮೇಲೆ ಅದರ ಹಿಂದೆ ಓಡಿದ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗುರುತು ಸಿಗದ ಕೀಟ ಕಂಡರೆ ಚಿಕ್ಕ ಗಾಜಿನ ಶೀಷೆಯಲ್ಲಿ ಸ್ಪಿರಿಟ್ ಹಾಕಿ ನಾಲ್ಕೈದನ್ನು ಅದರಲ್ಲಿ ಹಿಡಿದು, ಬಂದ ತಾರೀಕು, ಗಿಡದ ಹೆಸರು, ಎಲ್ಲಿಂದ ಬಂದದ್ದು ಎಂದು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನೂ ಒಳಗೇ ಹಾಕಿ. ಪೆನ್ನಿನ ಮಸಿ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಚಿಕ್ಕಮಗಳೂರಿನವರಿಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ, ಹಾಸನದವರಿಗೆ ಕಂದಲಿಯದು ಹತ್ತಿರ. ಜೀವಂತ ಕೀಟವಿರುವ ಗಿಡವನ್ನೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಡಿ.

ನಲವತ್ತನೇ ದಿನ ಗಿಡವನ್ನು ಡಬ್ಬಿಯಿಂದ ಇಡಿಯಾಗಿ ಜಾರಿಸಿ, ಮರಳು ಕೊಡವಿ, ಬೇರನ್ನೂ ಎಲೆಯ ಸಂದಿಯನ್ನೂ ಕೈಮಸೂರದಲ್ಲಿ ಕೊನೆಯ ಸಲ ನೋಡಿ. ಹೊಸ ಬೇರು ಬೆಳ್ಳಗೆ, ಒಡೆಯುವಂತೆ ಗಟ್ಟಿಯಾಗಿರುತ್ತದೆ. ನವೆಂಬರ್ ಕೊನೆಯಲ್ಲಿ ಬಂದ ಗಿಡವಾದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಪಾತಿಗೆ ಹೋಗುತ್ತದೆ. ಬಿಯರ್ಡೆಡ್ ಗೆಡ್ಡೆಯ ಬೆನ್ನು ಬಿಸಿಲು ಕಾಣುವಂತೆ ಮೇಲೆಯೇ ಇರಲಿ. ಲೂಸಿಯಾನವನ್ನು ಎರಡು ಬೆರಳು ಆಳಕ್ಕೆ ನೆಟ್ಟು ಮೇಲೆ ದರಗು ಹೊದಿಸಿ. ಮೆಣಸಿನ ಬಳ್ಳಿ ಹಬ್ಬಿದ ಮರದ ಬುಡದಲ್ಲಿ ಮಾತ್ರ ಯಾವುದನ್ನೂ ನೆಡಬೇಡಿ.